ನಮ್ಮ ರಸ್ತೆಯಲ್ಲಿ ಅಂಥವರು ಯಾರೂ ಇಲ್ಲ

ದಾಮೋದರಣ್ಣನ ಕಷ್ಟಕ್ಕೆಲ್ಲ ಮೂಲ ಒಂದು ಸಿಮೆಂಟಿನ ಬೆಂಚು. ನವಜ್ಯೋತಿ ಅಡ್ಡರಸ್ತೆ ಹೆದ್ದಾರಿಗೆ ಸೇರುವ ಕಡೆ, ಕಾಪುವಿನಿಂದ ಉಡುಪಿಗೆ ಓಡುವ ಬಸ್ಸುಗಳು ನಿಲ್ಲುವ ತಂಗುದಾಣದಲ್ಲಿ ಅದು ಇತ್ತು. ಬೆಂಚಿನಿಂದ ಯಾರಿಗೂ ಉಪದ್ರವಿರಲಿಲ್ಲ. ಆದರೆ ಅದರ ಮೇಲೆ ದಿನಾ ಒಬ್ಬ ಗಡ್ಡದವನು ತಲೆಯಡಿಗೆ ಗಂಟು ಇಟ್ಟುಕೊಂಡು, ಹೊಟ್ಟೆಯ ಮೇಲೆ ಕೈ ಜೋಡಿಸಿ, ಹರಿಕತೆ ಮುಗಿಸಿದ ದಾಸರಂತೆ ನೆಮ್ಮದಿಯಾಗಿ ಮಲಗುತ್ತಿದ್ದ.

ಬೇರೆ ಕಾಲದಲ್ಲಾದರೆ ಮಲಗಲಿ ಬಿಡಿ ಎನ್ನಬಹುದಿತ್ತು. ಈಗ ಹಾಗಲ್ಲ. ಮನೆಮಠ ಇಲ್ಲದವರಿಗೆ ರಾತ್ರಿ ತಂಗಲು ಒಂದು ಆಶ್ರಯ ಕೇಂದ್ರ ಬರುವುದಿತ್ತು. ಯಾವ ವಾರ್ಡಿನಲ್ಲಿ ಮನೆಯಿಲ್ಲದವನು ಒಬ್ಬನಾದರೂ ಸಿಕ್ಕುತ್ತಾನೋ ಆ ವಾರ್ಡಿಗೇ ಕೇಂದ್ರ ಎಂದು ನಿಯಮ. ದಾಮೋದರಣ್ಣನ ವಾರ್ಡಿನಲ್ಲಿ ಖಾಲಿ ಬಿದ್ದಿದ್ದ ಕಟ್ಟಡವೆಂದರೆ ಹಳೆಯ ಅಂಗನವಾಡಿ ಒಂದೇ. ಅದರ ಗೋಡೆಗೂ ಅವನ ಕಂಪೌಂಡಿಗೂ ನಡುವೆ ಒಂದು ಬೆಕ್ಕು ತಿರುಗುವಷ್ಟು ಜಾಗವೂ ಇರಲಿಲ್ಲ.

ದಾಮೋದರಣ್ಣ ಸುಮ್ಮನೆ ಕೂರುವ ಜನವೇ? ರಸ್ತೆಯ ನಿವಾಸಿಗಳ ಹಿತರಕ್ಷಣಾ ಸಮಿತಿಗೆ ಅವನೇ ಅಧ್ಯಕ್ಷ. ಕೂಡಲೇ ಸಭೆ ಕರೆದು ಮೇಜು ಗುದ್ದಿದ್ದ. "ಅಂಥವರು ಬಂದರೆ ಕಳ್ಳತನವೂ ಬರ್ತದೆ! ಇವತ್ತು ಬೈಕು ಹೋಗ್ತದೆ, ನಾಳೆ ತೆಂಗಿನಕಾಯಿ ಹೋಗ್ತದೆ, ನಾಡಿದ್ದು ಒಣಗಲಿಕ್ಕೆ ಹಾಕಿದ ಚಡ್ಡಿ ಸಹ ಉಳಿಯುವುದಿಲ್ಲ!"

"ನಿನ್ನ ಚಡ್ಡಿ ಯಾರಿಗೆ ಬೇಕು ದಾಮೋದರಾ?" ಎಂದಳು ಎದುರು ಮನೆಯ ರುಕಿಯಮ್ಮ. ಆಕೆಗೆ ಎಪ್ಪತ್ತು ದಾಟಿತ್ತು, ಯಾರ ಮುಲಾಜೂ ಇರಲಿಲ್ಲ. "ಮಳೆಗಾಲದಲ್ಲಿ ಪಾಪದವರು ಎಲ್ಲಿ ಮಲಗುವುದು? ಅದನ್ನು ಹೇಳು."

ಉತ್ತರವಿಲ್ಲದಾಗ ಅಧ್ಯಕ್ಷರು ಮಾಡುವಂತೆ ದಾಮೋದರಣ್ಣ ಸಭೆ ಮುಗಿಯಿತೆಂದು ಸಾರಿದ. ಮನೆಯಿಲ್ಲದವರ ಸಮೀಕ್ಷೆ ಮಾಡುವ ಮೇಡಂಗೆ ಫೋನು ಹಚ್ಚಿ, "ನಮ್ಮ ರಸ್ತೆಯಲ್ಲಿ ಅಂಥವರು ಯಾರೂ ಇಲ್ಲ ಮೇಡಂ" ಎಂದೂ ಹೇಳಿಬಿಟ್ಟ. ಮೇಡಂ ಹೆಸರು ನೀಲಾಂಬಿಕಾ. ಬಾಗಲಕೋಟೆ ಕಡೆಯಿಂದ ವರ್ಗವಾಗಿ ಬಂದು ಹದಿನೈದು ದಿನ ಆಗಿತ್ತಷ್ಟೇ. "ಹೌದೇನ್ರಿ? ಭಾಳ ಚಲೋ ಆತು. ನಾಳೆ ಮಧ್ಯಾಹ್ನ ಬಂದು ಕಣ್ಣಾರೆ ನೋಡಿ ಹೋಗತೀನಿ" ಎಂದುಬಿಟ್ಟಳು.

ಆ ನಾಳೆ ಈಗ ಬಂದೇಬಿಟ್ಟಿತ್ತು. ಬೆಂಚಿನ ಮೇಲೆ ಗಡ್ಡದವನೂ ಇದ್ದ. ಹೆಂಡತಿ ಸುಭಾಷಿಣಿ ತೊಟ್ಟಿಲು ಶಾಸ್ತ್ರವೆಂದು ಕಾಪುವಿನ ಅಕ್ಕನ ಮನೆಗೆ ಹೋಗಿದ್ದಳು, ಬರುವುದು ಮರುದಿನ. ಬುದ್ಧಿ ಹೇಳುವವರು ಮನೆಯಲ್ಲಿಲ್ಲದಾಗ ದಾಮೋದರಣ್ಣನಿಗೆ ಐಡಿಯಾಗಳು ಜೋರಾಗಿಯೇ ಬರುತ್ತವೆ. ಅವನು ಬೆಂಚಿನವನ ಭುಜ ಅಲ್ಲಾಡಿಸಿದ.

"ಹೆಸರೆಂತ ಮಾರಾಯ?"

"ಐತಪ್ಪ."

"ಐತಪ್ಪ, ಇವತ್ತು ನಮ್ಮಲ್ಲಿ ಊಟ. ಬಿಸಿನೀರಿನ ಸ್ನಾನ ಸಹ ಉಂಟು. ಏಳು."

ಊಟಕ್ಕೆ ಕರೆದರೆ ಬೇಡ ಎನ್ನುವವನಲ್ಲ ಐತಪ್ಪ. ಬಂದ, ಮಿಂದ, ಕುಚ್ಚಲಕ್ಕಿ ಅನ್ನಕ್ಕೆ ನಿನ್ನೆಯ ಸಾರು ಸುರಿದು ಎರಡು ಸಲ ಬಡಿಸಿಕೊಂಡ. ದಾಮೋದರಣ್ಣ ಮದುವೆಮನೆಗೆಂದು ಇಟ್ಟಿದ್ದ ರೇಷ್ಮೆ ಅಂಗಿಯನ್ನೂ ಜರಿಯ ಪಂಚೆಯನ್ನೂ ಅವನಿಗೆ ಉಡಿಸಿ, ಆರಾಮ ಕುರ್ಚಿಯಲ್ಲಿ ಕೂರಿಸಿದ. ನೋಡಿದರೆ, ಅಯ್ಯಯ್ಯೋ, ದಾಮೋದರಣ್ಣನಿಗಿಂತ ಅವನೇ ಮನೆಯ ಯಜಮಾನನಂತೆ ಕಾಣುತ್ತಿದ್ದ.

"ಕೇಳು ಐತಪ್ಪ. ಒಬ್ಬರು ಮೇಡಂ ಬರ್ತಾರೆ. ಕೇಳಿದರೆ ಇದು ನನ್ನ ಮನೆ ಅಂತ ಹೇಳು. ಯಾರು ತಟ್ಟಿದರೂ ಬಾಗಿಲು ತೆಗೆಯಬೇಡ. ಕಿಟಕಿಯಲ್ಲೇ ಮಾತಾಡಿ ಕಳಿಸು. ಮೇಡಂ ಹೋದ ಮೇಲೆ ನೀನು ಹೋಗಬಹುದು."

"ಯಾರು ತಟ್ಟಿದರೂ?"

"ಯಾರು ತಟ್ಟಿದರೂ!"

ಇನ್ನು ಉಳಿದದ್ದು ರುಕಿಯಮ್ಮ. ದಾಮೋದರಣ್ಣ ಗೇಟಿನ ಬಳಿ ನಿಂತು ವಿಷಯ ಹೇಳಿದ. ಆಕೆ ಕಿವಿ ಮುಚ್ಚಿಕೊಂಡಳು. "ಸುಳ್ಳು ಮಾತ್ರ ನನ್ನ ಬಾಯಲ್ಲಿ ಬರುವುದಿಲ್ಲ ಮಾರಾಯ. ಕೇಳಿದರೆ ಇದ್ದದ್ದು ಇದ್ದ ಹಾಗೆ ಹೇಳ್ತೇನೆ. ಕೇಳದಿದ್ದರೆ ಸುಮ್ಮನಿರ್ತೇನೆ." ಅಷ್ಟಾದರೂ ಸಿಕ್ಕಿತಲ್ಲ ಎಂದು ಅವನು ನಿಟ್ಟುಸಿರು ಬಿಟ್ಟ.

ಅಷ್ಟರಲ್ಲಿ ನೆನಪಾಯಿತು, ಗಂಟು! ಐತಪ್ಪನ ಗಂಟು ಬೆಂಚಿನ ಮೇಲೆಯೇ ಉಳಿದಿದೆ. ಮೇಡಂ ಅದನ್ನು ಕಂಡರೆ ಮುಗಿಯಿತು ಕತೆ. ಉಟ್ಟ ಹಳೆ ಲುಂಗಿ, ಹರಿದ ಬನಿಯನಿನಲ್ಲಿಯೇ ಓಡಿದ. ಗಂಟಿಗೆ ಕೈ ಹಾಕುವುದಕ್ಕೂ ಒಂದು ಎಕ್ಸ್‌ಪ್ರೆಸ್ ಬಸ್ಸು ಹೊಂಡದಲ್ಲಿ ಇಳಿಯುವುದಕ್ಕೂ ಸರಿಹೋಯಿತು. ಹೊಂಡದ ಕೆಂಪು ನೀರೆಲ್ಲ ಎದ್ದು ಬಂದು ಅಧ್ಯಕ್ಷರಿಗೆ ಅಭಿಷೇಕವಾಯಿತು. ಕಂಡಕ್ಟರ್ ಬಾಗಿಲಲ್ಲಿ ನೇತಾಡುತ್ತ, "ಬರುವುದಾದರೆ ಹತ್ತಿ, ಹತ್ತಿ!" ಎಂದು ಕೂಗಿಕೊಂಡು ಹೋದ. ಹಿಂದೆಯೇ ಮಳೆಯೂ ಶುರುವಾಯಿತು.

ಮನೆಗೆ ಓಡಿದರೆ ಬಾಗಿಲು ಹಾಕಿದೆ. ಅದು ಎಳೆದರೆ ತಾನೇ ಬೀಗ ಬೀಳುವ ಬಾಗಿಲು. ಕಳ್ಳರ ಹೆದರಿಕೆಯಿಂದ ದಾಮೋದರಣ್ಣನೇ ಹಾಕಿಸಿದ್ದು. ಕೀಲಿಕೈ ಒಳಗೆ, ಫೋನು ಒಳಗೆ, ದುಡ್ಡು ಒಳಗೆ, ಇನ್ನೊಂದು ಕೀಲಿಕೈ ಸುಭಾಷಿಣಿಯ ಜೊತೆ ಕಾಪುವಿನಲ್ಲಿ.

"ಐತಪ್ಪ! ಬಾಗಿಲು ತೆಗಿ!"

ಕಿಟಕಿಯಲ್ಲಿ ಗಡ್ಡ ಕಾಣಿಸಿತು. "ಆಗುವುದಿಲ್ಲ ಮಾರಾಯ್ರೆ. ಯಾರು ತಟ್ಟಿದರೂ ತೆಗೆಯಬಾರದು ಅಂತ ಯಜಮಾನರು ಹೇಳಿದ್ದಾರೆ."

"ಆ ಯಜಮಾನ ನಾನೇ ಮಾರಾಯ!"

"ನೀವೇ ಹೇಳಿದ್ದು ಅಲ್ವಾ? ಮತ್ತೆ ನೀವೇ ಮಾತು ತಪ್ಪಿದರೆ ಹೇಗೆ?" ಎಂದು ಐತಪ್ಪ ಕಿಟಕಿಯನ್ನೂ ಮುಚ್ಚಿದ.

ಮನೆಯ ಮುಂದಿನ ಸಿಟೌಟಿನಲ್ಲಿ ನಿಲ್ಲೋಣವೆಂದರೆ ಮಳೆ ಓರೆಯಾಗಿ ಹೊಡೆಯುತ್ತಿತ್ತು. ಇದ್ದದ್ದರಲ್ಲಿ ಒಣಗಿದ ಜಾಗ ಬಸ್ ತಂಗುದಾಣವೇ. ದಾಮೋದರಣ್ಣ ಅಲ್ಲಿಗೆ ವಾಪಸು ಹೋಗಿ, ಗಂಟು ಬಿಚ್ಚಿ, ಅದರಲ್ಲಿದ್ದ ಹೊದಿಕೆಯನ್ನು ಹೊದ್ದುಕೊಂಡು ಬೆಂಚಿನ ಮೇಲೆ ಮುದುಡಿ ಕೂತ. ರುಕಿಯಮ್ಮ ಕೊಡೆ ಹಿಡಿದುಕೊಂಡು ಬಂದು ನೋಡಿದಳು. ಮನೆಗೆ ಹೋಗಿ ಒಂದು ಬಟ್ಟಲು ಬಿಸಿ ಗಂಜಿ ತಂದು ಕೈಗಿಟ್ಟಳು. ಅವನು ಅದನ್ನು ಗಟಗಟನೆ ಕುಡಿದು ಬಟ್ಟಲು ಕೆಳಗಿಡುವ ಹೊತ್ತಿಗೆ ಜೀಪು ಬಂದು ನಿಂತಿತು.

ಜೀಪಿನಿಂದ ಇಳಿದ ನೀಲಾಂಬಿಕಾ ಮೇಡಂ ನೇರವಾಗಿ ಬೆಂಚಿನ ಹತ್ತಿರ ಬಂದು, ಮಮತೆಯಿಂದ ಬಗ್ಗಿ ಕೇಳಿದಳು. "ಕಾಕಾ, ನಿಮಗ ಮನಿ ಐತೇನ್ರಿ?"

ವೇದಿಕೆಯ ಮೇಲೆ ದಾಮೋದರಣ್ಣನ ಕನ್ನಡ ಪುಸ್ತಕದ ಹಾಗೆ ಬರುತ್ತದೆ. ಆದರೆ ಗಾಬರಿಯಾದರೆ ನಾಲಗೆ ತುಳುವಿಗೇ ಓಡುವುದು. ತುಳುವಿನಲ್ಲಿ ಇಲ್ಲ್ ಎಂದರೆ ಮನೆ, ಉಂಡು ಎಂದರೆ ಇದೆ. ಅವನು ಹಲ್ಲು ಕಟಕಟಿಸುತ್ತ, "ಇಲ್ಲ್ ಉಂಡು! ಇಲ್ಲ್ ಉಂಡು!" ಎಂದ.

ಮೇಡಂ ಕಣ್ಣಲ್ಲಿ ನೀರು ತುಂಬಿತು. ಹಿಂದೆ ನಿಂತಿದ್ದ ಡ್ರೈವರನಿಗೆ ಹೇಳಿದಳು, "ಪಾಪ ನೋಡಪಾ. ಮನಿ ಇಲ್ಲ, ಆದ್ರ ಉಂಡೀನಿ ಅಂತ ಹೇಳತಾನ. ಎಂಥಾ ಸ್ವಾಭಿಮಾನ!"

"ಅಲ್ಲ ಮೇಡಂ, ಹಾಗಲ್ಲ! ನಾನು ಅಧ್ಯಕ್ಷ! ನಿನ್ನೆ ಫೋನ್ ಮಾಡಿದ್ದು ನಾನೇ!"

"ಆತು ಕಾಕಾ, ಆತು. ಹೋದ ವಾರ ಒಬ್ರು ಜಿಲ್ಲಾಧಿಕಾರಿ ನಾನಽ ಅಂದಿದ್ರು."

"ಅಗೋ ಆ ಮನೆ ಕಾಣ್ತದಲ್ಲ, ಅದು ನಂದು!"

ಮೇಡಂ ನ್ಯಾಯವಂತೆ. ಪರೀಕ್ಷಿಸದೆ ಬಿಡುವವಳಲ್ಲ. ಹೋಗಿ ಕಿಟಕಿ ತಟ್ಟಿದಳು. ರೇಷ್ಮೆ ಅಂಗಿಯ ಐತಪ್ಪ ಕಾಣಿಸಿಕೊಂಡು ಕೈ ಮುಗಿದ.

"ಇದು ಯಾರ ಮನಿ ರೀ?"

"ಇದು ನನ್ನ ಮನೆ."

"ನಿಮ್ಮ ಹೆಸರ?"

"ಐತಪ್ಪ."

"ಹೆಸರ ಐತಪ್ಪ, ಅದು ನನಗೂ ಗೊತ್ತೈತಿ. ಏನಂತ?"

"ಐತಪ್ಪ ಅಂತಲೇ."

"ಆತು ಬಿಡ್ರಿ. ಈ ಕಾಕಾ ಯಾರು?"

ಹಿಂದೆಯೇ ಬಂದು ನಿಂತಿದ್ದ ದಾಮೋದರಣ್ಣ ಮನಸ್ಸಿನಲ್ಲೇ ಲೆಕ್ಕ ಹಾಕತೊಡಗಿದ. ಮನೆ ತನ್ನದೆಂದು ಸಾಧಿಸಿದರೆ ಐತಪ್ಪ ಮನೆಯಿಲ್ಲದವನಾಗುತ್ತಾನೆ. ಐತಪ್ಪನದೆಂದು ಬಿಟ್ಟರೆ ತಾನೇ ಮನೆಯಿಲ್ಲದವನಾಗಬೇಕು. ಹೇಗೆ ಲೆಕ್ಕ ಹಾಕಿದರೂ ಒಬ್ಬ ಹೊರಗೆ ಉಳಿಯುತ್ತಾನೆ! ಅವನು ಎರಡು ಬೆರಳು ಜೋಡಿಸಿ, ನಾವಿಬ್ಬರೂ ಒಂದೇ ಮನೆಯವರು ಅಂತ ಹೇಳು ಎಂದು ಸನ್ನೆ ಮಾಡಿದ.

ಐತಪ್ಪನಿಗೆ ಅರ್ಥವಾಯಿತು. "ನನ್ನ ಅಣ್ಣ" ಎಂದ.

"ಒಡಹುಟ್ಟಿದ ಅಣ್ಣನ್ನ ಮಳ್ಯಾಗ ಹೊರಗ ಹಾಕಿ ಬಾಗಿಲ ಹಾಕ್ಕೊಂಡೀರಿ? ಬಾಗಿಲ ತೆಗೀರಿ!"

"ಅದು ಮಾತ್ರ ಆಗುವುದಿಲ್ಲ" ಎಂದ ಐತಪ್ಪ. ಕೊಟ್ಟ ಮಾತಿಗೆ ಅಷ್ಟು ನಿಷ್ಠೆ.

ಮೇಡಂ ಸಿಟ್ಟಿನಿಂದ ಕೆಂಪಾಗಿ, ಕೊಡೆಯಡಿ ನಿಂತಿದ್ದ ರುಕಿಯಮ್ಮನತ್ತ ತಿರುಗಿದಳು. "ಅಮ್ಮಾರ, ನೀವರ ಖರೇ ಹೇಳ್ರಿ. ಈ ಕಾಕಾ ಎಲ್ಲಿರ್ತಾರ?"

ದಾಮೋದರಣ್ಣ ಆಸೆಯಿಂದ ನೋಡಿದ. ರುಕಿಯಮ್ಮ ಎಂದೂ ಸುಳ್ಳು ಹೇಳುವವಳಲ್ಲ.

"ಮಧ್ಯಾಹ್ನದಿಂದ ಆ ಬೆಂಚಿನಲ್ಲೇ ಇದ್ದಾನೆ" ಎಂದಳು ರುಕಿಯಮ್ಮ.

"ಊಟ?"

"ನಾನೇ ಗಂಜಿ ಕೊಟ್ಟೆ."

"ಹೆಂಡ್ತಿ?"

"ಅಕ್ಕನ ಮನೆಗೆ ಹೋಗಿದ್ದಾಳೆ. ಅವಳಿಲ್ಲದಿದ್ದರೆ ಇವನಿಗೆ ಗತಿ ಇಲ್ಲ."

ಒಂದಕ್ಷರವೂ ಸುಳ್ಳಲ್ಲ. ಮೇಡಂ ಕಣ್ಣೊರೆಸಿಕೊಂಡು ಮೇಲಿನವರಿಗೆ ಫೋನು ಮಾಡಿದಳು. "ಸರ್, ಇಲ್ಲಿ ಒಬ್ರು ಸಿಕ್ಕಾರ. ಕೇಂದ್ರ ಈ ವಾರ್ಡಿಗೇ ಪಕ್ಕಾ ಮಾಡಿಬಿಡ್ರಿ. ಕಟ್ಟಡನೂ ಬಾಜೂಕಽ ಐತಿ." ಆಮೇಲೆ ದಾಮೋದರಣ್ಣನ ಬೆನ್ನು ಸವರಿ, ಉಳಿದ ರಸ್ತೆಗಳನ್ನೂ ನೋಡಿ ಬರುತ್ತೇನೆಂದು ಹೊರಟುಹೋದಳು. ರುಕಿಯಮ್ಮನೂ ಕುಕ್ಕುಂದೂರಿನ ಮಗಳ ಮನೆಗೆಂದು ಮನೆಗೆ ಬೀಗ ಹಾಕಿ ರಿಕ್ಷಾ ಹತ್ತಿದಳು.

ಜೀಪು ಮರೆಯಾದ ಮೇಲೆ ಐತಪ್ಪ ಬಾಗಿಲು ತೆಗೆದು ಹೊರಗೆ ಬಂದ. ದಾಮೋದರಣ್ಣ ಅವನ ಅಂಗಿಯ ಕಾಲರು ಹಿಡಿದ. ತನ್ನದೇ ರೇಷ್ಮೆ ಅಂಗಿ ಎಂದು ನೆನಪಾಗಿ ಬಿಟ್ಟ.

"ಎಲ್ಲ ಹಾಳು ಮಾಡಿದೆಯಲ್ಲ ಮಾರಾಯ! ಇನ್ನು ನನ್ನ ಗೋಡೆಯ ಪಕ್ಕದಲ್ಲೇ ದಿನಾ ಮಲಗು, ಸಂತೋಷವಾಯಿತಾ?"

"ನಾನ್ಯಾಕೆ ಅಲ್ಲಿ ಮಲಗಬೇಕು?" ಐತಪ್ಪನಿಗೆ ನಿಜಕ್ಕೂ ಆಶ್ಚರ್ಯವಾಗಿತ್ತು. "ನನಗೆ ಬೆಳ್ಮಣ್ಣಿನಲ್ಲಿ ಮನೆ ಉಂಟಲ್ಲ. ಎರಡು ಮಾಳಿಗೆಯದ್ದು."

"ಮನೆ ಇದ್ದವನು ಬೆಂಚಿನಲ್ಲಿ ಯಾಕೆ ಬಿದ್ದುಕೊಳ್ಳುವುದು?"

"ಬದುಕೆಲ್ಲ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವನು ನಾನು. ಹಾರನ್ ಕೇಳದೆ ನಿದ್ರೆ ಬರುವುದಿಲ್ಲ. ಮನೆಯಲ್ಲಿ ಸೂಜಿ ಬಿದ್ದರೂ ಕೇಳುವಷ್ಟು ಮೌನ. ಅದಕ್ಕೆ ಬೆಳಿಗ್ಗೆ ದಿಂಬು, ಹೊದಿಕೆ ಕಟ್ಟಿಕೊಂಡು ಬಂದು ಇಲ್ಲಿ ನಿದ್ರೆ ಮುಗಿಸಿ ಸಂಜೆ ಹೋಗುವುದು. ಈ ಗಡ್ಡ ಹರಕೆಯದ್ದು."

"ಅದನ್ನು ಮೊದಲೇ ಹೇಳಬಾರದಾ?"

"ನೀವು ಹೆಸರು ಕೇಳಿದಿರಿ, ಹೇಳಿದೆ. ಮನೆ ಉಂಟಾ ಅಂತ ಈ ರಸ್ತೆಯಲ್ಲಿ ಯಾರೂ ಕೇಳಿಯೇ ಇಲ್ಲ ಮಾರಾಯ್ರೆ."

ಅಷ್ಟರಲ್ಲಿ ಬಸ್ಸಿನ ಹಾರನ್ ಕೇಳಿಸಿತು. ಐತಪ್ಪ ಲಗುಬಗೆಯಿಂದ, "ಅಂಗಿ ನಾಳೆ ಒಗೆದು ತರ್ತೇನೆ. ಹೊದಿಕೆ ನಿಮ್ಮಲ್ಲೇ ಇರಲಿ, ಚಳಿ ಉಂಟು" ಎಂದು ಹೊರಟ. ಸಜ್ಜನ. ಹೋಗುವಾಗ ಕಳ್ಳರು ನುಗ್ಗಬಾರದೆಂದು ಬಾಗಿಲನ್ನು ಚೆನ್ನಾಗಿ ಎಳೆದುಕೊಂಡೇ ಹೋದ.

ದಾಮೋದರಣ್ಣ ತಡೆಯುವ ಮೊದಲೇ ಬೀಗ ಟಕ್ ಎಂದಿತು.

ದಾಮೋದರಣ್ಣ ಬಾಗಿಲು ನೂಕಿದ, ಒದ್ದ, ಬೇಡಿಕೊಂಡ. ಬೇರೆ ಯಾರ ಮನೆಗಾದರೂ ಹೋಗೋಣವೆಂದರೆ, ಅಧ್ಯಕ್ಷರು ಹೊರಗೆ ಬಿದ್ದ ಕತೆ ಬಾಯಿಬಿಟ್ಟು ಹೇಳಬೇಕು. ನಾಳೆ ಬೆಳಗಾಗುವಷ್ಟರಲ್ಲಿ ಅದು ಕಾರ್ಕಳದವರೆಗೆ ಮುಟ್ಟುತ್ತದೆ. ನಾಚಿಕೆಯಿಂದ ಅವನಿಗೆ ಅಳುವೇ ಬಂತು. ಮಳೆ ಇನ್ನಷ್ಟು ಜೋರಾಯಿತು. ಮುಸ್ಸಂಜೆಯ ಹೊತ್ತಿಗೆ ಅವನು ಮತ್ತೆ ಬೆಂಚಿನ ಮೇಲಿದ್ದ.

ಜೀಪು ತಿರುಗಿ ಬಂತು. ನೀಲಾಂಬಿಕಾ ಮೇಡಂ ಬಾಗಿಲು ತೆರೆದು ಹಿಡಿದಳು. "ಕಾಕಾ, ಇಲ್ಲಿ ಕೇಂದ್ರ ಆಗೋ ತನಕ ಪ್ಯಾಟ್ಯಾಗ ಒಂದು ಜಾಗಾ ಮಾಡೇವಿ. ಒಣಾ ಹಾಸಿಗಿ ಐತಿ, ಬಿಸಿ ಚಾ ಐತಿ. ಆದ್ರ ನಿಯಮದ ಪ್ರಕಾರ ಇನ್ನೊಮ್ಮೆ ಕೇಳಬೇಕು ನೋಡ್ರಿ. ನಿಮಗ ಮನಿ ಐತೇನು?"

ದಾಮೋದರಣ್ಣ ಕತ್ತಲಾಗುತ್ತಿದ್ದ ತನ್ನ ಮನೆಯ ಕಡೆಗೊಮ್ಮೆ ನೋಡಿದ, ಜೀಪಿನೊಳಗಿದ್ದ ಚಹಾದ ಫ್ಲಾಸ್ಕನ್ನೊಮ್ಮೆ ನೋಡಿದ. ಈ ಸಲ ನಾಲಗೆ ತುಳುವಿಗೆ ಓಡಲಿಲ್ಲ.

"ಇಲ್ಲ ಮೇಡಂ" ಎಂದು ಅಚ್ಚ ಕನ್ನಡದಲ್ಲಿ ಹೇಳಿ, ಹೊದಿಕೆ ಎತ್ತಿ ಹಿಡಿದುಕೊಂಡು ಜೀಪು ಹತ್ತಿದ.