ಅಣ್ಣನ ಮನೆ ಹೊರದೇಶವಲ್ಲ

ಫಿಲಿಮೋನೆ: ವೀಸಾ ಕಾಗದದಲ್ಲಿ ಇಷ್ಟು ದಪ್ಪ ಅಕ್ಷರದಲ್ಲಿ ಕೇಳಿದ್ದಾರಲ್ಲೇ, ಹೊರದೇಶದಲ್ಲಿ ಇಷ್ಟು ಕಾಲ ಯಾಕಿದ್ರಿ ಅಂತ. ಅದಕ್ಕೆ ನೀನು ಏನಂತ ಬರ್ದಿದ್ದೀಯ?

ಕಲೊಲೈನೆ: ಇದ್ದದ್ದನ್ನ ಬರ್ದಿದ್ದೀನಿ. ನಾನು ಹೊರದೇಶದಲ್ಲಿ ಇರ್ಲಿಲ್ಲ, ಅಣ್ಣನ ಮನೇಲಿದ್ದೆ.

ಫಿಲಿಮೋನೆ: ಅಣ್ಣನ ಮನೆ ಎಲ್ಲಿದೆ?

ಕಲೊಲೈನೆ: ಚರ್ಚಿನ ಹಿಂದೆ.

ಫಿಲಿಮೋನೆ: ಆ ಚರ್ಚ್ ಎಲ್ಲಿದೆ ತಾಯಿ?

ಕಲೊಲೈನೆ: ನಿಮಗೆ ಗೊತ್ತಿಲ್ವಾ? ನಮ್ಮ ಮದುವೆ ಆಗಿದ್ದೇ ಅಲ್ಲಿ.

ಆಸ್ಟ್ರೇಲಿಯಾದ ಮೌಂಟ್ ಡ್ರೂಯಿಟ್‌ನಲ್ಲಿ ಅವರ ಮನೆಗೂ ನಮ್ಮ ಮನೆಗೂ ನಡುವೆ ಇರುವುದು ಒಂದು ಬೇಲಿ, ಅದೂ ಸೊಂಟದೆತ್ತರದ್ದು. ಗಂಡ ಹೆಂಡಿರ ಮಾತನ್ನು ಕದ್ದು ಕೇಳಬಾರದೆಂದು ನನಗೂ ಗೊತ್ತು. ಆದರೆ ಈ ಇಬ್ಬರ ಗಂಟಲಿಗೆ ಕದಿಯುವ ಅಗತ್ಯವೇ ಬೀಳುವುದಿಲ್ಲ.

ವಿಷಯ ಇಷ್ಟೇ. ಟೋಂಗಾದಲ್ಲಿ ಕಲೊಲೈನೆಯ ಅಣ್ಣನ ಮಗಳಿಗೆ ಮುಂದಿನ ತಿಂಗಳು ಮದುವೆ. ನಮ್ಮ ಟೋಂಗಾದವರ ಪೈಕಿ ಸೋದರತ್ತೆ ಬಂದು ಗೌರವದ ಚಾಪೆಗಳ ಮೇಲೆ ಕೂರದಿದ್ದರೆ ಮದುವೆ ನಡೆಯುವುದಿಲ್ಲ. ವರ ತಡವಾಗಿ ಬಂದರೆ ಹೇಗೋ ಸುಧಾರಿಸಬಹುದು, ಅತ್ತೆ ಬರದಿದ್ದರೆ ಆಗದು. ಕಲೊಲೈನೆಗೆ ಆಸ್ಟ್ರೇಲಿಯಾದಲ್ಲಿ ಕಾಯಂ ವಾಸದ ವೀಸಾ ಇದೆ, ಆದರೆ ಅದರ ಮೇಲೆ ಹೋಗಿಬರುವ ಅವಧಿ ಮುಗಿದಿದೆ. ಮರಳಿ ಬರುವ ವೀಸಾ ಪಡೆಯದೆ ಹೊರಟರೆ ಹೋಗುವುದಕ್ಕೆ ತೊಂದರೆಯಿಲ್ಲ, ಬರುವುದೇ ಕಷ್ಟ. ಆ ವೀಸಾಕ್ಕೆ ಹಾಕಿದ ಅರ್ಜಿಗೆ ಸರಿಯಾದ ವಿವರ ಕೊಡಿ ಎಂದು ಕಚೇರಿಯಿಂದ ಕಾಗದ ಬಂದಿತ್ತು.

ಕಲೊಲೈನೆ: ಕಾಯಂ ಅಂತ ಅವರೇ ತಾನೆ ಕೊಟ್ಟಿದ್ದು? ಈಗೇನು ಹೊಸ ರಗಳೆ?

ಫಿಲಿಮೋನೆ: ಇಲ್ಲಿ ಕೂತಿರೋವರೆಗೂ ಕಾಯಂ ಕಣೇ. ವಿಮಾನ ಹತ್ತಿದ್ರೆ, ವಾಪಸ್ ಬಿಡ್ಬೇಕಾ ಬೇಡ್ವಾ ಅಂತ ನೋಡ್ತಾರೆ. ಐದು ವರ್ಷದಲ್ಲಿ ಎರಡು ವರ್ಷನಾದ್ರೂ ಇಲ್ಲಿ ಇದ್ದಿದ್ರೆ ಇಷ್ಟೆಲ್ಲ ಕೇಳ್ತಿರ್ಲಿಲ್ಲ. ಹದಿನೈದು ದಿನಕ್ಕೆ ಅಂತ ಹೋದೋಳು ನೀನು.

ಕಲೊಲೈನೆ: ಅಮ್ಮ ತೀರ್ಕೊಂಡ್ರು. ವರ್ಷ ಪೂರ್ತಿ ಕಪ್ಪು ಉಟ್ಕೊಂಡು ಇರ್ಬೇಕಲ್ವಾ?

ಫಿಲಿಮೋನೆ: ಅದು ಒಂದು ವರ್ಷ ಆಯ್ತು.

ಕಲೊಲೈನೆ: ಆಮೇಲೆ ಅಣ್ಣನ ಮಗನ ಮದುವೆ.

ಫಿಲಿಮೋನೆ: ಅದು ಒಂದು ದಿನ ಆಯ್ತು.

ಕಲೊಲೈನೆ: ಆಮೇಲೆ ಅವನಿಗೆ ಮಗು ಆಯ್ತಲ್ಲ, ಅದರ ಮೊದಲನೇ ಹುಟ್ಟುಹಬ್ಬ. ಅಷ್ಟು ದೂರ ಹೋಗಿ ಹುಟ್ಟುಹಬ್ಬ ಬಿಟ್ಟು ಬರಕ್ಕಾಗುತ್ತಾ?

ಫಿಲಿಮೋನೆ: ಮದುವೆ ಊಟ ಮುಗಿಸಿ, ಕೈ ತೊಳ್ಕೊಂಡು, ಮಗುವಿನ ಹುಟ್ಟುಹಬ್ಬಕ್ಕೆ ಕಾದು ಕೂತೋಳು ಪ್ರಪಂಚದಲ್ಲಿ ನೀನೊಬ್ಬಳೇ. ನನ್ನ ಜೊತೆಗೇ ಪೌರತ್ವ ತಗೊಂಡಿದ್ರೆ ಆಗ್ತಿತ್ತು. ಪ್ರಮಾಣವಚನದ ದಿನ ಇಬ್ಬರ ಹೆಸರೂ ಕೂಗಿದ್ರು. ನೀನೆಲ್ಲಿದ್ದೆ?

ಆ ದಿನ ಅವಳು ಚರ್ಚಿನ ಹಿಂದಿನ ಆ ಮನೆಯಲ್ಲಿದ್ದಳೆಂದು ಬೇಲಿಯಾಚೆಯ ನನಗೂ ಗೊತ್ತಿತ್ತು.

ಫಿಲಿಮೋನೆ: ಇಲ್ಲಿ ಇನ್ನೊಂದು ಕೇಳಿದ್ದಾರೆ. ಈ ದೇಶದ ಜೊತೆ ನಿನಗೆ ಏನು ಗಟ್ಟಿ ನಂಟಿದೆ ಅಂತ.

ಕಲೊಲೈನೆ: ಗಂಡ ಇದ್ದಾನೆ ಅಂತ ಬರೀರಿ.

ಫಿಲಿಮೋನೆ: ಮೂರು ವರ್ಷ ಮೀರಿದ್ರೂ ನೆನಪಾಗದ ಗಂಡ ಈಗ ಗಟ್ಟಿ ನಂಟಾ?

ಕಲೊಲೈನೆ: ನಿಮಗೇನಾಗಿತ್ತು ಕಷ್ಟ? ಹೆಂಡ್ತಿ ಇಲ್ಲದೆ ಹಾಯಾಗಿದ್ದೀನಿ ಅಂತ ಚರ್ಚಲ್ಲಿ ಎಲ್ಲರ ಮುಂದೆ ಹೇಳ್ಕೊಂಡು ತಿರುಗ್ತಿದ್ರಂತಲ್ಲ.

ಫಿಲಿಮೋನೆ: ಹಾಯಾಗೇ ಇದ್ದೆ.

ಅವನ ಹಾಯನ್ನು ಕಣ್ಣಾರೆ ಕಂಡವನು ನಾನು. ವಾರವೆಲ್ಲ ಡಬ್ಬಿ ಮಾಂಸ, ಅದೂ ಡಬ್ಬಿಯಿಂದಲೇ. ಭಾನುವಾರ ನನ್ನ ಹೆಂಡತಿ ಕೆಸುವಿನೆಲೆಯಲ್ಲಿ ಮಾಂಸ ಸುತ್ತಿ ಪೊಟ್ಟಣ ಬೇಯಿಸಿ ಬೇಲಿಯ ಮೇಲಿಂದ ಕೊಟ್ಟರೆ, ಉಪ್ಪು ಕಡಿಮೆ ಎಂದು ಗೊಣಗುತ್ತ ಒಂದು ಚೂರೂ ಬಿಡದೆ ತಿನ್ನುತ್ತಿದ್ದ.

ಕಲೊಲೈನೆ: ಜಗಳ ಸಾಕು. ಇವಳು ಬೇಕು, ಇವಳಿಲ್ಲದಿದ್ರೆ ನಷ್ಟ ಅಂತ ಎರಡು ಸಾಲು ಬರ್ದುಕೊಡಿ.

ಫಿಲಿಮೋನೆ: ಬರೆಯಲ್ಲ. ನೀನು ಹೋಗೋದೂ ಬೇಡ. ಈ ಸಲ ನಿಮ್ಮಣ್ಣ ಹೇಗಾದ್ರೂ ಸುಧಾರಿಸ್ಕೊಳ್ಲಿ.

ಅವಳು ವಾದ ಮಾಡಲಿಲ್ಲ. ಅವನಿಗೆ ಅಲ್ಲೇ ಅನುಮಾನ ಬರಬೇಕಿತ್ತು. ಅಣ್ಣನಿಗೆ ಫೋನು ಹಚ್ಚಿ, ತನಗೆ ಬರಲಾಗುವುದಿಲ್ಲವೆಂದಷ್ಟೇ ಹೇಳಿದಳು. ನಮ್ಮಲ್ಲಿ ಅಣ್ಣನಾದವನು ತಂಗಿಗೆ ಎದುರಾಡುವಂತಿಲ್ಲ. ಅವನು ಎಲ್ಲವನ್ನೂ ಕೇಳಿಕೊಂಡು, ಫೋನನ್ನು ಅವಳ ಗಂಡನಿಗೆ ಕೊಡಲು ಹೇಳಿದ.

ಫಿಲಿಮೋನೆ: (ಫೋನಿನಲ್ಲಿ) ಹೂಂ ಭಾವ... ಹೌದು, ವೀಸಾದ್ದೇ ತೊಂದರೆ... ಏನಂದ್ರಿ, ಇಲ್ಲಿಗಾ? ಅತ್ತೆ ಎಲ್ಲಿದ್ದಾಳೋ ಅಲ್ಲೇ ಮದುವೆನಾ?... ಎಲ್ಲರೂ ಬರ್ತೀರಾ?... ಹಂದಿ ಇಲ್ಲೂ ಸಿಗುತ್ತೆ ಭಾವ, ಅದಲ್ಲ ವಿಷಯ... ಎಷ್ಟು ದಿನ ಇರ್ತೀರಿ?... ಹುಟ್ಟುಹಬ್ಬ ಮುಗಿಸ್ಕೊಂಡಾ? ಯಾರ ಹುಟ್ಟುಹಬ್ಬ ಭಾವ? ಇನ್ನೂ ಮದುವೇನೇ ಆಗಿಲ್ವಲ್ಲ.

ಫೋನು ಕೆಳಗಿಟ್ಟು ತನ್ನ ಹಿತ್ತಲನ್ನೊಮ್ಮೆ ನೋಡಿದ. ಆಮೇಲೆ ನನ್ನ ಹಿತ್ತಲನ್ನೂ ನೋಡಿದ. ಅವನ ಹಿತ್ತಲಲ್ಲಿ ಅಷ್ಟು ಜನ ಹಿಡಿಯುವುದಿಲ್ಲವೆಂದು ನನಗೂ ಗೊತ್ತಿತ್ತು. ಪೆನ್ನು ತಾ ಎಂದವನು, ಪರೀಕ್ಷೆಗೆ ಕೂತ ಹುಡುಗನಂತೆ ಕೈ ಅಡ್ಡವಿಟ್ಟುಕೊಂಡು ಬರೆದ, ಹೊಡೆದುಹಾಕಿದ, ಮತ್ತೆ ಬರೆದ. ಅವಳು ಕಾಗದ ಎತ್ತಿಕೊಂಡು ಗಟ್ಟಿಯಾಗಿಯೇ ಓದತೊಡಗಿದಳು. ಎರಡನೆಯ ಸಾಲಿಗೆ ಅವಳ ದನಿ ಇಳಿಯಿತು. ನಾನು ಬೇಲಿಯವರೆಗೆ ಹೋಗಬೇಕಾಯಿತು.

ಕಲೊಲೈನೆ: (ಓದುತ್ತಾ) ‘ಈಕೆ ಇಲ್ಲದಿದ್ದರೆ ದೇಶಕ್ಕೆ ಏನು ನಷ್ಟವೋ ನನಗೆ ತಿಳಿಯದು. ಈಕೆ ಇಲ್ಲದಾಗ ನಾನು ಹಾಯಾಗಿದ್ದೆ ಎಂದದ್ದು ಸುಳ್ಳು. ಕೆಲಸದಿಂದ ಬಂದರೂ ಮನೆಯೊಳಗೆ ಹೋಗಲು ಮನಸ್ಸಾಗದೆ ಕಾರಿನಲ್ಲೇ ಕೂತಿರುತ್ತಿದ್ದೆ. ಈಕೆ ಹೋಗಿ ಬರಲಿ. ಬರುವ ಹಾಗೆ ದಯವಿಟ್ಟು ಮಾಡಿಕೊಡಿ.’

ಅವಳು ಕಾಗದವನ್ನು ನಾಲ್ಕಾಗಿ ಮಡಿಸಿ ಅರ್ಜಿಯೊಳಗೆ ಇಟ್ಟಳು.

ಕಲೊಲೈನೆ: ರೀ, ಇದನ್ನ ಆಗ ಫೋನಲ್ಲಿ ಒಂದು ಸಲ ನನಗೆ ಹೇಳಿದ್ರೆ, ಮಾರನೇ ದಿನವೇ ವಿಮಾನ ಹತ್ತಿ ಬರ್ತಿದ್ನಲ್ಲ?

ಫಿಲಿಮೋನೆ: ನೀನು ಕೇಳ್ಲೇ ಇಲ್ಲ. ಸರ್ಕಾರ ಕೇಳ್ತು, ಹೇಳ್ದೆ.