ಯಾರು ತಿದ್ದಿದರು, ಯಾವಾಗ ತಿದ್ದಿದರು

ಕಂಪ್ಯೂಟರಿನಲ್ಲಿ ಇರುವುದೆಲ್ಲ ಖರೆ ಎಂದು ನಂಬುವವರು ನಮ್ಮ ಆಫೀಸಿನಲ್ಲಿ ಒಂದು ವಾರ ಕೂತು ನೋಡಬೇಕು. ಬೆಳಿಗ್ಗೆ ಮೂವತ್ನಾಲ್ಕು ವರ್ಷದವನಿದ್ದ ಗಂಡು ಊಟದ ಹೊತ್ತಿಗೆ ಇಪ್ಪತ್ತೊಂಬತ್ತಕ್ಕೆ ಇಳಿಯುವುದು ಅಲ್ಲಿ ವಾರಕ್ಕೆರಡು ಸಲವಾದರೂ ನಡೆಯುತ್ತದೆ.

ನಮ್ಮದು ವಧುವರರ ಮಾಹಿತಿ ಕೇಂದ್ರ. ಗದಗಿನಲ್ಲಿ ಮುಖ್ಯ ಆಫೀಸು, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯಲ್ಲಿ ಒಂದೊಂದು ಶಾಖೆ. ಯಾವ ಊರಿನಲ್ಲಿ ಏನು ಬರೆದರೂ ಅದರ ನಕಲು ಹತ್ತು ಸೆಕೆಂಡಿನಲ್ಲಿ ಉಳಿದ ಮೂರೂ ಊರಿಗೆ ಹೋಗುತ್ತದೆ. ಇದಕ್ಕೆ ರೆಪ್ಲಿಕೇಶನ್ ಎನ್ನುತ್ತಾರೆ. ಇದರಲ್ಲಿ ಸುಳ್ಳೂ ಅಷ್ಟೇ ಜಲ್ದಿ ಹೋಗುತ್ತದೆ.

ಒಂದು ದಿನ ಹೆಣ್ಣಿನ ತಂದೆಯೊಬ್ಬರು ಬಂದು, ಒಂದೇ ಹುಡುಗನ ಎರಡು ಬಯೋಡೇಟಾ ಮೇಜಿನ ಮೇಲೆ ಹಾಸಿದರು. ಬೆಳಿಗ್ಗೆ ಮುಂಡರಗಿಯಲ್ಲಿ ತೆಗೆಸಿದ್ದು ಒಂದು, ಮಧ್ಯಾಹ್ನ ಗದಗಿನಲ್ಲಿ ತೆಗೆಸಿದ್ದು ಇನ್ನೊಂದು; ಎರಡರಲ್ಲೂ ವಯಸ್ಸು ಬೇರೆ ಬೇರೆ. "ಇವ್ರಿಬ್ರೊಳಗ ನನ್ನ ಅಳಿಯಾ ಯಾರ್ರಿ?" ಎಂದರು.

ಅವತ್ತೇ ಮಾಲೀಕರು ಕಂಪ್ಯೂಟರ್ ಕೆಲಸ ನೋಡಿಕೊಳ್ಳುವ ನನ್ನನ್ನು ಕರೆದರು. ಯಾರು, ಯಾವ ಊರಿಂದ, ಎಷ್ಟು ಹೊತ್ತಿಗೆ, ಏನಿದ್ದದ್ದನ್ನು ಏನು ಮಾಡಿದರು ಎಂಬುದನ್ನೆಲ್ಲ ಕಂಪ್ಯೂಟರ್ ತಾನೇ ಬರೆದಿಡಬೇಕು ಎಂದರು. ಅದರ ಹೆಸರು ಆಡಿಟ್ ಲಾಗ್. "ಒಂದು ತಿಂಗಳು ನೋಡ್ತೀನಿ. ಕಳ್ಳ ಸಿಗಲಿಲ್ಲಂದ್ರ ಇದನ್ನೂ ಬಂದ್ ಮಾಡ್ತೀನಿ, ನಿನ್ನೂ ಮನಿಗೆ ಕಳಸ್ತೀನಿ."

ಮನೆಗೆ ಹೋಗುವುದು ನನಗೆ ಬೇಡವಾಗಿತ್ತು. ಅವ್ವ ಒಂದು ಮಾತು ಕೊಟ್ಟಿದ್ದಳು: "ನೌಕರಿ ಇರೋತನಕ ನಿನ್ನ ಬಯೋಡೇಟಾ ಎಲ್ಲೂ ಕೊಡಂಗಿಲ್ಲ. ನೌಕರಿ ಹೋತು ಅಂದ್ರ ಮರುದಿನಾನೇ ಕೊಡ್ತೀನಿ." ನಾನು ಇಂಗ್ಲಿಷ್ ಮೀಡಿಯಂ ಹುಡುಗಿ. ಕನ್ನಡದಲ್ಲಿ ಜಗಳಾಡಿ ರೂಢಿಯಿಲ್ಲ, ಇಂಗ್ಲಿಷಿನಲ್ಲಿ ಜಗಳಾಡಲು ಎದುರಿಗೆ ಯಾರೂ ಇಲ್ಲ. ಆದ್ದರಿಂದ ನನ್ನ ಪರವಾಗಿ ಲಾಗೇ ಜಗಳಾಡಲಿ ಎಂದು ಕೂತೆ.

ಮೊದಲನೇ ದಿನ

ಮೊದಲ ದಿನವೇ ಒಂದು ತಪ್ಪು ಮಾಡಿದೆ. ತಿದ್ದಿದ್ದನ್ನು ದಾಖಲಿಸು ಎಂದು ನಾಲ್ಕೂ ಕಂಪ್ಯೂಟರಿಗೆ ಹೇಳಿದೆ, ನಕಲು ಬಂದದ್ದನ್ನು ಬಿಡು ಎಂದು ಹೇಳುವುದು ಮರೆತೆ. ಮುಂಡರಗಿಯಲ್ಲಿ ಒಬ್ಬ ಹುಡುಗನ ವಯಸ್ಸು ಒಂದೇ ಸಲ ಬದಲಾಯಿತು. ಲಾಗಿನಲ್ಲಿ ನಾಲ್ಕೂ ಊರಿನವರು ಬದಲಿಸಿದಂತೆ ನಾಲ್ಕು ಸಾಲು ಬಂದವು.

ನಾನು ಬಾಯಿ ತೆರೆಯುವುದರೊಳಗೆ ಮಾಲೀಕರು ಮೂರೂ ಶಾಖೆಗೆ ಫೋನ್ ಹಚ್ಚಿಬಿಟ್ಟರು.

ಮುಂಡರಗಿಯವರು ನಿವೃತ್ತ ಬಸ್ ಕಂಡಕ್ಟರ್. "ಹೌದ್ರಿ, ನಾನೇ ಕಡಿಮಿ ಮಾಡಿದೆ. ಎಲ್ಲಾರಿಗೂ ಒಂದು ಸೀಟ್ ಸಿಗಬೇಕಲ್ರಿ" ಎಂದರು. ಲಕ್ಷ್ಮೇಶ್ವರದ ನಿವೃತ್ತ ಮಾಸ್ತರು, "ತಪ್ಪಾತು, ಹುಡುಗನ ತಂದಿ ಭಾಳ ಕೈ ಮುಗದ್ರು" ಎಂದರು. ಶಿರಹಟ್ಟಿಯಲ್ಲಿ ಬಟ್ಟೆ ಹೊಲಿಯುತ್ತಲೇ ನಮ್ಮ ಶಾಖೆ ನೋಡಿಕೊಳ್ಳುವ, ಊರಿಗೆಲ್ಲ ಅಕ್ಕನಾದ ಆಪಾ ಮಾತ್ರ, "ಮಾಡೀನಿ. ಏನೀಗ?" ಎಂದರು.

ತಿದ್ದಿದ್ದು ಮುಂಡರಗಿಯವರು ಒಬ್ಬರೇ, ಉಳಿದದ್ದು ಬರೀ ನಕಲು ಎಂದು ನಾನು ಸಣ್ಣ ದನಿಯಲ್ಲಿ ಬಿಡಿಸಿ ಹೇಳಿದೆ. ಮಾಲೀಕರು ಫೋನು ಕೆಳಗಿಟ್ಟು ನನ್ನ ಕಡೆ ತಿರುಗಿದರು.

"ಹಂಗಾರ ಉಳದವ್ರು ಈಗ ಒಪ್ಗೊಂಡಿದ್ದು ಯಾವುದನ್ನ?"

ರಾಹುಕಾಲ

ಒಂದು ಶುಕ್ರವಾರದ ಲಾಗು ನೋಡಿ ನನಗೇ ತಲೆ ತಿರುಗಿತು. ಒಬ್ಬ ಹುಡುಗಿಯ ಬಯೋಡೇಟಾ ಗದಗಿನಲ್ಲಿ ಮೊದಲ ಸಲ ಬರೆದದ್ದು ಹತ್ತೂ ಐವತ್ತಕ್ಕೆ. ಲಕ್ಷ್ಮೇಶ್ವರದಲ್ಲಿ ಅದನ್ನು ತಿದ್ದಿದ್ದು ಹತ್ತೂ ಇಪ್ಪತ್ತಕ್ಕೆ.

"ಬರಿಯೂಕಿಂತ ಮೊದಲೇ ತಿದ್ಯಾರೇನು? ನಿನ್ನ ಲಾಗಿಗೆ ತಲಿ ಕೆಟ್ಟೈತಿ" ಎಂದರು ಮಾಲೀಕರು. ನಾನು ಲಕ್ಷ್ಮೇಶ್ವರದ ಬಸ್ಸು ಹತ್ತಿದೆ.

ಮಾಸ್ತರು ಏನೂ ಮುಚ್ಚಿಡಲಿಲ್ಲ. "ಶುಕ್ರವಾರ ಹತ್ತೂವರಿಯಿಂದ ಹನ್ನೆರಡರತನಕ ರಾಹುಕಾಲ ತಂಗಿ. ಮಂದಿ ಬಂದು ಕುಂತಿರ್ತಾರ. ಅದಕ್ಕ ಕಂಪ್ಯೂಟರಿನ ಗಡಿಯಾರ ಹತ್ತೂ ಇಪ್ಪತ್ತಕ್ಕ ತರ್ತೀನಿ, ಬರೀತೀನಿ, ಮತ್ತ ಮುಂದ ಮಾಡ್ತೀನಿ."

"ರಾಹುಗ ಗೊತ್ತಾಗಂಗಿಲ್ಲೇನ್ರಿ ಸರ್?"

"ರಾಹು ಗ್ವಾಡಿ ಗಡಿಯಾರ ನೋಡ್ತಾನ, ಕಂಪ್ಯೂಟರಿನೊಳಗ ಇಣಕಂಗಿಲ್ಲ. ಅವನ ಕಾಲದಾಗ ಕಂಪ್ಯೂಟರ್ ಎಲ್ಲಿತ್ತು?"

ನಾನು ನಾಲ್ಕೂ ಕಂಪ್ಯೂಟರಿನ ಸಮಯವನ್ನು ಗದಗಿನ ಸರ್ವರಿಗೆ ಕಟ್ಟಿ, ಗಡಿಯಾರ ತಿರುಗಿಸುವ ಅಧಿಕಾರವನ್ನೇ ತೆಗೆದು ಬಂದೆ.

ಈಗ ಮಾಸ್ತರು ಎಲ್ಲವನ್ನೂ ಬರೆದು ಮುಗಿಸಿ, ಎಂಟರ್ ಗುಂಡಿಯ ಮೇಲೆ ಬೆರಳು ಎತ್ತಿ ಹಿಡಿದು ಕೂಡುತ್ತಾರೆ. ಎದುರಿನ ಬೆಂಚಿನಲ್ಲಿ ಎಂಟು ಮಂದಿ ಆ ಬೆರಳನ್ನೇ ನೋಡುತ್ತಿರುತ್ತಾರೆ. ಹನ್ನೆರಡು ಹೊಡೆಯಿತೆಂದರೆ ಎಂಟೂ ಮಂದಿ ಒಮ್ಮೆಲೆ, "ಒತ್ರಿ."

ಕಾರಣ

ತಿದ್ದುವವರು ಕಾರಣ ಬರೆಯಲೇಬೇಕು ಎಂದು ಒಂದು ಕಾಲಂ ಸೇರಿಸಿದೆ. ಕಂಡಕ್ಟರ್ "ಪ್ರಯಾಣಿಕರ ಅನುಕೂಲಕ್ಕಾಗಿ" ಎಂದು ಬರೆದರು. ಆಪಾ ಮಾತ್ರ ಆ ಕಾಲಂ ನನಗಿಂತ ಚೆನ್ನಾಗಿ ಅರ್ಥ ಮಾಡಿಕೊಂಡರು. ಅಳತೆಯ ಟೇಪು ಯಾವಾಗಲೂ ಅವರ ಕೊರಳಲ್ಲೇ ಇರುತ್ತದೆ.

ಎತ್ತರ ಐದಡಿ ಒಂಬತ್ತರಿಂದ ಐದಡಿ ಐದು. ಕಾರಣ: ಹುಡುಗ ಖುದ್ದ ಬಂದಿದ್ದ, ಬೂಟು ಬಿಡಿಸಿ ಅಳದೆ.

ಅಡುಗೆ, "ಚೆನ್ನಾಗಿ ಬರುತ್ತದೆ" ಇದ್ದದ್ದು "ಕಲಿಯುತ್ತಾಳೆ". ಕಾರಣ: ಚಾ ಕುಡದೆ.

ಸ್ವಭಾವ, "ಶಾಂತ" ಇದ್ದದ್ದು ಖಾಲಿ. ಕಾರಣ: ಅವರವ್ವ ನೀರು ಕುಡಿಯಾಕ ಹೊರಗ ಹೋದಾಗ ತಂಗಿ ಹೇಳಿದ್ಲು.

ಇದು ಮಂದಿಗೆ ಹೇಗೆ ಗೊತ್ತಾಯಿತೋ ಏನೋ. ಬೆಟಗೇರಿಯಿಂದ ಬಂದ ಒಬ್ಬ ಅಜ್ಜಿ ಮಾಲೀಕರು ಕೊಟ್ಟ ಬಯೋಡೇಟಾವನ್ನು ಮುಟ್ಟಲೇ ಇಲ್ಲ. "ಇದು ಬ್ಯಾಡ್ರಿ. ಆ ಹಿಂದ ತಿದ್ದಿದ್ದ ಹಾಳಿ ಇರತೈತಂತಲ್ಲ, ಅದನ್ನ ಕೊಡ್ರಿ." ವಾರದಲ್ಲಿ ಎಲ್ಲರೂ ಅದನ್ನೇ ಕೇಳತೊಡಗಿದರು. ತಿಂಗಳು ಮುಗಿದರೂ ಲಾಗು ಬಂದ್ ಆಗಲಿಲ್ಲ. ಆದರೆ ಮಾಲೀಕರು ನನ್ನನ್ನು ನೋಡಿದಾಗಲೆಲ್ಲ, ಅದೂ ಲಾಗಿಗೆ ಬೀಳುತ್ತದೇನೋ ಎಂಬಂತೆ, ಶರ್ಟಿನ ಗುಂಡಿ ಸರಿ ಮಾಡಿಕೊಳ್ಳಲು ಶುರು ಮಾಡಿದರು.

ಮುಂಡರಗಿಯಿಂದ ಬಂದದ್ದು

ಒಂದು ಬುಧವಾರ ಲಾಗಿನಲ್ಲಿ ಹೊಸ ಹೆಣ್ಣಿನ ಹೆಸರು ಬಂತು. ನನ್ನದು. ಫೋಟೋ ಸಮೇತ. ಬರೆದವರು ಮುಂಡರಗಿಯ ಕಂಡಕ್ಟರ್.

ಮಾತು ಕೊಟ್ಟಿದ್ದ ಅವ್ವನಿಗೆ ಫೋನ್ ಮಾಡಿದೆ. "ಮುಂಡರಗ್ಯಾಗ ಕೊಟ್ರ ಗದಗಿನ್ಯಾಗ ಕುಂತ ನಿನಗ ಹೆಂಗ ಗೊತ್ತಾತು?" ಎಂದಳು. ಮಗಳು ಒಂದು ವರ್ಷದಿಂದ ಮಾಡುತ್ತಿರುವ ಕೆಲಸ ಏನೆಂದು ಅವಳಿಗೆ ತಿಳಿದದ್ದು ಅವತ್ತೇ.

ಅಷ್ಟರಲ್ಲಿ ತಿದ್ದುವುದು ಶುರುವಾಗಿತ್ತು. "ಮದುವೆಯ ನಂತರ ನೌಕರಿ ಬಿಡುತ್ತಾಳೆ" ಎಂದು ಮುಂಡರಗಿಯವರು. "ಬಿಡುವುದಿಲ್ಲ" ಎಂದು ಗದಗಿನಿಂದ ಮಾಲೀಕರು. ನನ್ನ ಜಾಗಕ್ಕೆ ಇನ್ನೊಬ್ಬರನ್ನು ಎಲ್ಲಿ ಹುಡುಕಬೇಕು ಎಂಬ ಚಿಂತೆ ಅವರಿಗೆ. ಬಿಡುತ್ತಾಳೆ, ಬಿಡುವುದಿಲ್ಲ, ಬಿಡುತ್ತಾಳೆ. ಸಂಜೆಯೊಳಗೆ ಹನ್ನೊಂದು ಸಾಲು. ನನ್ನನ್ನು ಕೇಳಿದ ಸಾಲು ಒಂದೂ ಇರಲಿಲ್ಲ.

ಶನಿವಾರ ಹುಲಕೋಟಿಯ ಕಡೆಯಿಂದ ಹುಡುಗ ಮತ್ತು ಅವನ ತಾಯಿ ನನ್ನನ್ನು ನೋಡಲು ಆಫೀಸಿಗೇ ಬರುವವರಿದ್ದರು. ಅವತ್ತು ಬೆಳಿಗ್ಗೆ ಮಾಲೀಕರು ಮೆಲ್ಲಗೆ ಬಂದು, "ಆ ಹನ್ನೊಂದು ಸಾಲು ಅಳಿಸಿಬಿಡವ್ವಾ" ಎಂದರು.

"ಅಳಿಸಿದ್ದೂ ದಾಖಲಾಗತೈತ್ರಿ ಸರ್."

"ಯಾರ ಹೆಸರ್ಲೆ?"

"ಅಳಸಂತ ಹೇಳಿದವರ ಹೆಸರೂ ಕಾರಣದಾಗ ಬರೀತೀನ್ರಿ."

ಅವರು ಒಳಗಿನ ಕೋಣೆಗೆ ಹೋದವರು ಹೊರಗೆ ಬರಲೇ ಇಲ್ಲ.

ಹುಡುಗನ ತಾಯಿ ಬಂದು ಕೂತವರೇ ತಿದ್ದಿದ ಹಾಳೆ ಕೇಳಿದರು. ಕೊಟ್ಟೆ. ಹನ್ನೊಂದೂ ಸಾಲು ಓದಿ ಕನ್ನಡಕ ತೆಗೆದರು. "ಬಿಡ್ತಾಳ, ಬಿಡಂಗಿಲ್ಲ. ಇದರಾಗ ಖರೇದು ಯಾವ್ದು?"

"ಎರಡೂ ನಾ ಬರದಿಲ್ರಿ. ನನ್ನ ಸಾಲು ಇದು" ಎಂದು ಕೀಬೋರ್ಡ್ ಎಳೆದುಕೊಂಡು ಅವರ ಎದುರಿಗೇ ನನ್ನ ಬಯೋಡೇಟಾ ಅಳಿಸಿದೆ. ಕಾರಣ: ನನ್ನ ಯಾರೂ ಕೇಳಿಲ್ಲ. ಹತ್ತು ಸೆಕೆಂಡಿನಲ್ಲಿ ನಾಲ್ಕೂ ಊರಿನಿಂದ ನನ್ನ ಹೆಸರು ಹೋಯಿತು.

ತಾಯಿ ಕನ್ನಡಕ ಮತ್ತೆ ಹಾಕಿಕೊಂಡು ಪರದೆಯ ಕಡೆ ಬಾಗಿದರು. "ನಮ್ಮ ಹುಡುಗಂದೂ ಹಿಂಗ ಹಾಳಿ ಬರತೈತೇನು?"

"ಬರತೈತ್ರಿ. ಮೂರು ಹಾಳಿ ಐತಿ. ಪ್ರಿಂಟ್ ಕೊಡ್ಲೇನ್ರಿ?"

ಅವರು ಎದ್ದೇಬಿಟ್ಟರು. "ನಡೀಲೇ, ಬಸ್ ಹೊಕ್ಕೈತಿ." ಹುಲಕೋಟಿಗೆ ಬಸ್ಸು ಕಾಲು ತಾಸಿಗೊಂದಿದೆ.

ಹುಡುಗ ಮಾತ್ರ, ತನ್ನವ್ವ ಮೆಟ್ಟಿಲು ಇಳಿಯುವ ಸಪ್ಪಳ ಕೇಳಿದ ಮೇಲೆ ಬಾಗಿಲಿನಿಂದ ತಿರುಗಿ ಬಂದ.

"ಆ ಮೂರು ಹಾಳಿ ನನಗೊಂದು ಕೊಡ್ರಿ. ನನಗ ಎಷ್ಟು ವಯಸ್ಸಾಗೇತಂತ ನನಗೂ ಗೊತ್ತಿರಬೇಕಲ್ರಿ."