ಅಂತರಿಕ್ಷದಲ್ಲಿ ಚಿಕ್ಕಮ್ಮನ ಜಗಳ

ನಮ್ಮ ಚಿಕ್ಕಮ್ಮನನ್ನು ಕಂಡರೆ ಹೆದರುವವರು ಚಾಮರಾಜನಗರದಲ್ಲಿ ಮಾತ್ರ ಇದ್ದಾರೆಂದು ತಿಳಿದಿದ್ದೀರಾ? ತಪ್ಪು. ಒಂದು ಕಾಲದಲ್ಲಿ ಅಂತರಿಕ್ಷದಲ್ಲೂ ಇದ್ದರು! ನಾನು ಬುರುಡೆ ಬಿಡುತ್ತಿದ್ದೇನೆ ಅನ್ನಿಸಿದರೆ ಸ್ವಲ್ಪ ತಾಳಿ. ಬುರುಡೆ ಬಿಡುವ ಅಗತ್ಯವೇ ಬೀಳದಂಥ ಹೆಂಗಸು ಅವರು.

ನಾನು ಆಗ ತೆರಕಣಾಂಬಿಯಿಂದ ಬಂದು ಚಾಮರಾಜನಗರದ ಕಾಲೇಜೊಂದರಲ್ಲಿ ಅರೆಕಾಲಿಕ ಉಪನ್ಯಾಸಕನಾಗಿ ಸೇರಿದ್ದೆ. ಅರೆಕಾಲಿಕ ಅಂದರೆ ಕೆಲಸ ಪೂರ್ತಿ, ಮರ್ಯಾದೆ ಅರ್ಧ. ಉಳಿದುಕೊಂಡದ್ದು ಚಿಕ್ಕಮ್ಮನ ಮನೆಯಲ್ಲಿ. ಬೆಳಗ್ಗೆ ನಲ್ಲಿಯಲ್ಲಿ ನೀರು ಬಂದಾಗ ಬೀದಿಯ ಹೆಂಗಸರೆಲ್ಲ ಕೊಡ ತೆಗೆದುಕೊಂಡು ಹೋಗುತ್ತಿದ್ದರು. ಚಿಕ್ಕಮ್ಮ ಕೊಡದ ಜತೆಗೆ ಒಂದು ವಿಷಯವನ್ನೂ ತೆಗೆದುಕೊಂಡು ಹೋಗುತ್ತಿದ್ದರು. ಕೊಡ ಖಾಲಿ ಬಂದರೂ ಬಂದೀತು, ವಿಷಯ ಮಾತ್ರ ವ್ಯರ್ಥವಾದದ್ದಿಲ್ಲ.

ಹಾಗೆಂದು ಅವರ ಮನಸ್ಸಿನಲ್ಲಿ ವಿಷವಿತ್ತೇ? ಖಂಡಿತ ಇಲ್ಲ. ಜಗಳ ಅವರಿಗೆ ಸಂಗೀತದವರಿಗೆ ಸಾಧಕ ಇದ್ದ ಹಾಗೆ. ಒಮ್ಮೆ ಚಂದಕವಾಡಿಯಲ್ಲಿ ಬಸ್ಸು ಹತ್ತುತ್ತಲೇ ಶುರು ಮಾಡಿದ ಜಗಳ ಊರು ಬಂದರೂ ಮುಗಿಯಲಿಲ್ಲ. ಕಂಡಕ್ಟರ್ ಸುಸ್ತಾಗಿ ಕೈಮುಗಿದು, "ಅವ್ವಾ, ನೀನೇ ಗೆದ್ದೆ ಕನ, ಇಳ್ಕೊ" ಎಂದ. ಚಿಕ್ಕಮ್ಮನಿಗೆ ಬಂತು ನೋಡಿ ಕೋಪ! "ಅಂಗೆಲ್ಲ ಸುಮ್ಸುಮ್ನ ಸೋತ್ಬುಟ್ರ ಆಯ್ತದಾ? ಸರ್ಯಾಗಿ ಮಾತಾಡು!" ಎಂದು ಮೆಟ್ಟಿಲ ಮೇಲೆಯೇ ನಿಂತುಬಿಟ್ಟರು.

ಮನೆಯಲ್ಲೇ ಚಿಕ್ಕಪ್ಪನ ಜತೆ ಆಡಬಾರದಿತ್ತೇ ಎಂದು ನೀವು ಕೇಳಬಹುದು. ಜಗಳಕ್ಕೆ ಎರಡು ಬಾಯಿ ಬೇಕಲ್ಲ? ಚಿಕ್ಕಪ್ಪನ ಬಾಯಿ ಎಲೆಅಡಿಕೆಗೆ ಮೀಸಲು. ಮನೆಗೆ ಬೆಂಕಿ ಬಿದ್ದಿದೆ ಎಂದರೂ "ಹ್ಞೂಂ" ಎನ್ನುವ ಪುಣ್ಯಾತ್ಮ. ಹಾಗಾಗಿ ಚಿಕ್ಕಮ್ಮನ ಕಾಯಂ ಎದುರಾಳಿಯ ಸ್ಥಾನ ಪಕ್ಕದ ಮನೆಯ ಪುಟ್ಟಮ್ಮಣ್ಣಿಯವರಿಗೆ ದಕ್ಕಿತ್ತು. ಅವರ ನುಗ್ಗೆಮರದ ಎಲೆ ಗಾಳಿ ಬಂದಾಗಲೆಲ್ಲ ನಮ್ಮ ಅಂಗಳಕ್ಕೆ ಉದುರುತ್ತಿತ್ತು. ಇಷ್ಟು ಸಾಲದೇ?

ಹೀಗಿರುವಾಗ ನಾನು ಒಂದು ಹಳೆಯ ಕಂಪ್ಯೂಟರ್ ತಂದೆ. ಟೆಲಿಫೋನ್ ತಂತಿಯಲ್ಲೇ ಇಂಟರ್ನೆಟ್ ಬರುವುದು ನಮ್ಮ ಬೀದಿಗೆ ಹೊಸದು. ಆ ವರ್ಷ ಮೈಸೂರಿಗೆ ಹೋಗಿ ಒಂದು ಇಂಗ್ಲಿಷ್ ಸಿನಿಮಾ ನೋಡಿ ಬಂದಿದ್ದೆ. ಎರಡು ಸೈನ್ಯಗಳು ಒಂದು ಗ್ರಹಕ್ಕೋಸ್ಕರ ನೌಕೆಗಳಲ್ಲಿ ಹಾರಾಡಿಕೊಂಡು ಹೊಡೆದಾಡುತ್ತವೆ. ಯಾಕೆ ಎಂಬುದು ಕೊನೆಯವರೆಗೂ ನನಗೆ ತಿಳಿಯಲಿಲ್ಲ. ನಿರ್ದೇಶಕನಿಗೂ ತಿಳಿದಿರಲಿಲ್ಲ ಎಂದು ನನ್ನ ಗುಮಾನಿ. ಅದೇ ಸಿನಿಮಾದ ಮೇಲೆ ಒಂದು ಆಟ ಮಾಡಿ ಇಂಟರ್ನೆಟ್ಟಿಗೆ ಬಿಟ್ಟಿದ್ದರು. ಇಳಿಸಿಕೊಂಡರೆ ನಮಗೊಂದು ನೌಕೆ. ಎದುರಿಗೆ ಬರುವ ನೌಕೆಗಳಲ್ಲೆಲ್ಲ ಪ್ರಪಂಚದ ಯಾವುಯಾವುದೋ ಮೂಲೆಯಲ್ಲಿ ಕೂತ ನಿಜವಾದ ಮನುಷ್ಯರು!

ಇಳಿಸುವುದೇನು ಸುಲಭವೇ? ಮುಕ್ಕಾಲು ಇಳಿಯುವಷ್ಟರಲ್ಲಿ ಕರೆಂಟು ಹೋಗುವುದು, ಮತ್ತೆ ಮೊದಲಿನಿಂದ ಶುರುವಾಗುವುದು. "ಅದೇನ್ಲಾ ಮಗಾ, ದಿನಾ ಇಳೀತಾನೇ ಅದಲ್ಲ, ಬಾವಿಗ ಇಳೀತಾ ಇದ್ದದಾ?" ಎಂದು ಚಿಕ್ಕಮ್ಮ ಅಡುಗೆಮನೆಯಿಂದಲೇ ವಿಚಾರಿಸುವರು.

ಅಂತೂ ಇಳಿಯಿತು. ಆಡಲು ಕೂತೆ. ಕೂತಷ್ಟು ಹೊತ್ತೂ ಸತ್ತೆ. ಚಿಕ್ಕಮ್ಮ ಸೊಪ್ಪು ಬಿಡಿಸುತ್ತ ಹಿಂದೆಯೇ ನಿಂತಿದ್ದರು.

"ಯಾಕ್ಲಾ ಮಗಾ ಅಂಗ ಸಾಯ್ತಾ ಇದ್ದಯಿ?"

"ಒಡೀತಾವ್ರ ಚಿಕ್ಕಮ್ಮ."

"ನೀ ಏನ್ ಮಾಡಿದ್ದೆ ಅವ್ರ್ಗ?"

"ಏನೂ ಇಲ್ಲ. ಅಗೋ, ಆ ಗ್ರಹಕ್ಕ ಜಗಳ."

"ಅಲ್ಲಿ ನೀರದಾ?"

"ಇಲ್ಲ."

"ಹೊಲ, ಮರ, ಏನಾರ?"

"ಏನೂ ಇಲ್ಲ, ಬರೀ ಕಲ್ಲು."

ಬೇರೆ ಯಾರಾದರೂ ಆಗಿದ್ದರೆ, ಮತ್ತೆ ಯಾಕಪ್ಪ ಹೊಡೆದಾಟ ಎನ್ನುತ್ತಿದ್ದರು. ಚಿಕ್ಕಮ್ಮನ ಕಣ್ಣುಗಳು ಅಗಲವಾದವು. ನೀರು, ನೆರಳು ಯಾವುದರ ಆಸೆಯೂ ಇಲ್ಲದೆ, ಜಗಳಕ್ಕೋಸ್ಕರವೇ ಜಗಳವಾಡುವ ಜನ ಲೋಕದಲ್ಲಿದ್ದಾರೆಂದು ಅವರಿಗೆ ಗೊತ್ತಾದದ್ದು ಅಂದೇ! ಸೊಪ್ಪಿನ ಮೊರವನ್ನು ನನ್ನ ಕೈಗೆ ಕೊಟ್ಟು, "ಏಳು, ನಾ ನೋಡ್ತಿನಿ" ಎಂದರು.

ಮೌಸ್ ಹಿಡಿಯುವುದು ಹೇಗೆಂದು ಹೇಳಿಕೊಡಲು ಹೋದೆ. ಅವರು ಕೇಳಲಿಲ್ಲ. ಮೊಸರು ಕಡೆಯುವ ಹಾಗೆ ಗರಗರ ತಿರುಗಿಸಿದರು. ನೌಕೆ ಬುಗುರಿಯಾಯಿತು. ಹಾಗೆ ಸುತ್ತುವ ನೌಕೆಗೆ ಗುರಿಯಿಡುವುದು ಯಾವ ಸೈನ್ಯಕ್ಕೆ ಸಾಧ್ಯ? ಹೊಡೆಯಲು ಬಂದವರು ಒಬ್ಬರಿಗೊಬ್ಬರು ಡಿಕ್ಕಿ ಹೊಡೆದುಕೊಂಡು ಸತ್ತರು. ಉಳಿದವರನ್ನು ಚಿಕ್ಕಮ್ಮ ಮುಗಿಸಿದರು. ಆಡುವವರು ತಮಗೊಂದು ಹೆಸರು ಇಟ್ಟುಕೊಳ್ಳಬೇಕಿತ್ತು, ಅವರಿಗೆ "ಚಿಕ್ಕಮ್ಮ" ಎಂದೇ ಕೊಟ್ಟೆ. ಅಂದಿನಿಂದ ದಿನಾ ಸಂಜೆ ಪರದೆಯ ಮೇಲೆ ಚಿಕ್ಕಮ್ಮ ಇಂಥವನನ್ನು ಕೊಂದರು, ಚಿಕ್ಕಮ್ಮ ಅಂಥವನನ್ನು ಕೊಂದರು ಎಂಬ ಸಾಲುಗಳು ಸಾಲಾಗಿ ಬರತೊಡಗಿದವು. ಇಂಗ್ಲಿಷಿನಲ್ಲಿ ಬಹುವಚನ ಇರಲಿಲ್ಲ. ಮರ್ಯಾದೆ ನಾನು ಸೇರಿಸಿದ್ದು.

ಬರೀ ಕೊಂದರೆ ಸಾಕೇ? ಬಯ್ಯಬೇಡವೇ? ಎದುರಾಳಿಗೆ ಅಕ್ಷರದಲ್ಲಿ ಮಾತು ಕಳಿಸುವ ಸೌಕರ್ಯ ಆಟದಲ್ಲಿತ್ತು. ಚಿಕ್ಕಮ್ಮ ಹೇಳುವುದು, ನಾನು ಇಂಗ್ಲಿಷ್ ಅಕ್ಷರದಲ್ಲಿ ಒತ್ತುವುದು. "ನಿಮ್ಮನೆ ಕಾಯೋಗ" ಅವರ ದೊಡ್ಡ ಬೈಗುಳ. ಮನೆ ಹಾಳಾಗ ಎನ್ನಲು ಬಾಯಿ ಬರದೆ, ದೇವರು ಕಾಯಲಿ ಎಂದು ಮುಗಿಸುವ ನಮ್ಮ ಸೀಮೆಯ ಬೈಗುಳ ಅದು. ಅದನ್ನು ಓದಿದ ಯಾವ ದೇಶದವನೋ ಇದು ವೀರರು ಪರಸ್ಪರ ಹೇಳುವ ವಂದನೆಯೆಂದು ತಿಳಿದ. ಒಂದೇ ವಾರದಲ್ಲಿ ಹೊಡೆದವರು, ಹೊಡೆಸಿಕೊಂಡವರು ಎಲ್ಲರೂ "ನಿಮ್ಮನೆ ಕಾಯೋಗ" ಎನ್ನತೊಡಗಿದರು. ಕನ್ನಡದ ಏಳಿಗೆಗೆ ನಮ್ಮ ಕಾಲೇಜು ಮಾಡಿದ ಸಮಾರಂಭಗಳಿಂದ ಇಷ್ಟಾಗಿರಲಿಲ್ಲ!

ಇತ್ತ ಬೀದಿಯಲ್ಲಿ ಶಾಂತಿ ನೆಲೆಸಿತು. ನಲ್ಲಿಯ ಹತ್ತಿರ ಚಿಕ್ಕಮ್ಮ, "ನೀ ಇಡ್ಕೊ ಕಣಮ್ಮಿ, ನಂದೇನ್ ಅವಸ್ರ" ಎಂದು ಜಾಗ ಬಿಟ್ಟುಕೊಟ್ಟರಂತೆ. ಬೀದಿಯವರೆಲ್ಲ ಗಾಬರಿಯಾದರು. ದಾರಿಯಲ್ಲಿ ನನ್ನನ್ನು ನಿಲ್ಲಿಸಿ, "ನಿಮ್ ಚಿಕ್ಕವ್ವಂಗ ಉಸಾರಿಲ್ವಾ?" ಎಂದು ಮೆಲ್ಲಗೆ ಕೇಳುವವರೇ ಕೇಳುವವರು. ಎಲ್ಲರಿಗಿಂತ ಹೆಚ್ಚು ಕಂಗೆಟ್ಟವರು ಪುಟ್ಟಮ್ಮಣ್ಣಿ. ಎಲೆ ಉದುರಿದರೂ ಚಿಕ್ಕಮ್ಮ ತಾವೇ ಗುಡಿಸಿ ಒಳಗೆ ಹೋದರು. ಮಾರನೆಯ ದಿನ ಪುಟ್ಟಮ್ಮಣ್ಣಿ ಒಂದು ಕೊಂಬೆಯನ್ನೇ ಮುರಿದು ನಮ್ಮ ಅಂಗಳಕ್ಕೆ ಎಸೆದರು. ಚಿಕ್ಕಮ್ಮ ಆ ಸೊಪ್ಪನ್ನು ಬಿಡಿಸಿ ಸಾರು ಮಾಡಿದರು. ಇಂಥ ಅವಮಾನವನ್ನು ಯಾರು ತಾನೇ ಸಹಿಸುತ್ತಾರೆ?

ಪುಟ್ಟಮ್ಮಣ್ಣಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನೇರ ನಮ್ಮ ಮನೆಯೊಳಕ್ಕೇ ಬಂದರು. "ಏನಮ್ಮಿ, ನನ್ ಕುಟೆ ಮಾತ್ ಬುಟ್ಬುಟ್ಯಾ? ನಾ ಏನ್ ಮಾಡ್ದಿ ನಿಂಗ?"

"ಸುಮ್ಕಿರು, ಇಲ್ಲೊಬ್ಬ ಬತ್ತಾವ್ನ!" ಎಂದು ಚಿಕ್ಕಮ್ಮ ಪರದೆಯಿಂದ ಕಣ್ಣು ತೆಗೆಯಲಿಲ್ಲ.

ಪುಟ್ಟಮ್ಮಣ್ಣಿ ಪರದೆ ನೋಡಿದರು. ವಿಷಯ ತಿಳಿದುಕೊಂಡರು. ಕುರ್ಚಿ ಎಳೆದು ಕೂತು, ತಮ್ಮ ಧರ್ಮಕ್ಕೆ ತಕ್ಕಂತೆ ಎದುರು ಪಕ್ಷ ಸೇರಿದರು. "ಒಡೀ ಅವ್ಳ್ಗ! ಇಂದ್ಕಿಂದ ಬಾ, ಇಂದ್ಕಿಂದ!" ಎಂದು ಕಾಣದ ದೇಶದ ಹುಡುಗರಿಗೆ ದಾರಿ ತೋರಿಸುವರು. ಚಿಕ್ಕಮ್ಮನಿಗೆ ಹಬ್ಬ! ಕೈಯಲ್ಲಿ ಅಂತರಿಕ್ಷದ ಜಗಳ, ಬಾಯಲ್ಲಿ ಪಕ್ಕದ ಮನೆಯ ಜಗಳ, ಎರಡೂ ಒಟ್ಟೊಟ್ಟಿಗೆ. ಚಿಕ್ಕಪ್ಪ ಇಬ್ಬರಿಗೂ ಕಾಫಿ ತಂದಿಟ್ಟು "ಹ್ಞೂಂ" ಎಂದು ಹೋಗುವರು.

ಒಮ್ಮೆ ರಸ್ತೆ ಅಗೆಯುವವರು ಟೆಲಿಫೋನ್ ತಂತಿಯನ್ನೂ ಅಗೆದುಬಿಟ್ಟರು. ಆಟ ನಿಂತಿತು. ಚಿಕ್ಕಮ್ಮ ನಲ್ಲಿಗೆ ಮರಳಿದರು. ಕೂಡಿಟ್ಟ ಜಗಳವೆಲ್ಲ ಒಂದೇ ಬೆಳಗಿನಲ್ಲಿ ಬೀದಿಯ ಮೇಲೆ ಸುರಿಯಿತು. ಮಧ್ಯಾಹ್ನಕ್ಕೆ ಬೀದಿಯ ಹಿರಿಯರ ನಿಯೋಗವೊಂದು ಟೆಲಿಫೋನ್ ಕಚೇರಿಗೆ ಹೋಯಿತು. "ಅಂಥ ಅರ್ಜೆಂಟ್ ಏನ್ರೀ?" ಎಂದು ಅಲ್ಲಿನ ಅಧಿಕಾರಿ ಕೇಳಿದರಂತೆ. ನಮ್ಮ ಹಿರಿಯರೊಬ್ಬರು, "ಸರಿ ಬುಡಿ ಸಾ, ಅವ್ವಾರ್ನ ಇಲ್ಲೀಗೇ ಕರ್ಕಂಡ್ ಬತ್ತಿಂವಿ" ಎಂದರು. ಅಧಿಕಾರಿಯ ಮನೆ ಚಂದಕವಾಡಿಯ ಕಡೆಯದು, ಅದೇ ಬಸ್ಸಿನಲ್ಲಿ ಓಡಾಡಿದ ಮನುಷ್ಯ. ಸಂಜೆಯೊಳಗೆ ತಂತಿ ಕೂಡಿತು.

ಇನ್ನೊಮ್ಮೆ ಗುಂಡ್ಲುಪೇಟೆಯಲ್ಲಿ ನಮ್ಮ ಸಂಬಂಧಿಕರ ಮದುವೆ. ಧಾರೆಯಾಗುತ್ತಲೇ ಚಿಕ್ಕಮ್ಮ ಕಾಣೆಯಾದರು. ಹುಡುಕಿಕೊಂಡು ಹೋದರೆ ಬಸ್ ಸ್ಟ್ಯಾಂಡ್ ಹತ್ತಿರದ ಇಂಟರ್ನೆಟ್ ಅಂಗಡಿಯಲ್ಲಿ, ರೇಷ್ಮೆ ಸೀರೆಯುಟ್ಟು, ಮುಡಿ ತುಂಬ ಮಲ್ಲಿಗೆ ಮುಡಿದು ಕೂತಿದ್ದಾರೆ! ಅಂಗಡಿಯ ಮಲಯಾಳಿ ಯಜಮಾನ "ಚೇಚಿ, ಚಾಯ?" ಎಂದು ಅಕ್ಕನಿಗೆ ಚಹಾ ಕೊಟ್ಟು ಉಪಚರಿಸುತ್ತಿದ್ದಾನೆ. ಸುತ್ತ ಕಾಲೇಜು ಹುಡುಗರು. ಅದೇ ಆಟ ಆಡುವವರು.

ಅವರಲ್ಲೊಬ್ಬ ಬುದ್ಧಿ ಹೇಳುತ್ತಿದ್ದ: "ಅಕ್ಕಾ, ಇದ್ರಲ್ಲಿ ಚಿಕ್ಕಮ್ಮ ಅಂತ ಒಬ್ಬ ಅವ್ನ. ಅವ್ನ ಕೈಗ ಮಾತ್ರ ಸಿಕ್ಬ್ಯಾಡಿ. ಯಾವನೋ ಮೈಸೂರೋನು, ಎಂಗಸ್ರ ಎಸ್ರು ಮಡೀಕಂಡವ್ನ."

"ಅವ್ನಲ್ಲ ಕನ್ಲಾ, ಅವ್ಳು" ಎಂದರು ಚಿಕ್ಕಮ್ಮ. "ನಾನೇಯ."

ಒಬ್ಬ ಹುಡುಗ ಕಾಲಿಗೇ ಬಿದ್ದ. "ಓದೂದ್ ಬುಟ್ಬುಟ್ಟು ಇಲ್ಲೇನ್ಲಾ ಮಾಡ್ತಾ ಇದ್ದೀರಿ? ಎದ್ದೋಗಿ!" ಎಂದು ಎಲ್ಲರನ್ನೂ ಗದರಿದ ಚಿಕ್ಕಮ್ಮ ತಾವು ಮಾತ್ರ ಕುರ್ಚಿ ಬಿಟ್ಟು ಏಳಲಿಲ್ಲ. ಊಟದ ಕೊನೆಯ ಪಂಕ್ತಿಯೂ ತಪ್ಪಿತು.

ಆದರೆ ಸಿನಿಮಾಗಳ ಆಯುಷ್ಯ ಎಷ್ಟು ದಿನದ್ದು? ಜನ ಆ ಸಿನಿಮಾವನ್ನು ಮರೆತರು. ಬೇರೆ ಸಿನಿಮಾ ಬಂತು, ಬೇರೆ ಆಟ ಬಂತು. ನಮ್ಮ ಅಂತರಿಕ್ಷಕ್ಕೆ ಬರುವವರು ಕಡಿಮೆಯಾಗುತ್ತ ಬಂದರು. ಕೊನೆಗೊಂದು ಸಂಜೆ ಯಾರೂ ಬರಲಿಲ್ಲ. ಚಿಕ್ಕಮ್ಮನ ನೌಕೆ ಆ ಬರಿಗಲ್ಲಿನ ಗ್ರಹವನ್ನು ಒಂದೇ ಸಮನೆ ಸುತ್ತುತ್ತಿತ್ತು. ಮರುದಿನವೂ ಹಾಗೇ. ಬಂದೇ ಬರುತ್ತಾರೆಂದು ದಿನವೂ ಕೂತು ಕಾದರು. ನಾನು ಹೊಸ ಆಟ ಇಳಿಸಿಕೊಡುತ್ತೇನೆಂದೆ. "ಬ್ಯಾಡ ಬುಡು, ಅಲ್ಲಿರೋರು ಯಾರೋ ಏನೋ. ಇವ್ರಾದ್ರ ಗೊತ್ತಿದ್ದೋರು" ಎಂದರು. ನಲ್ಲಿಯ ಹತ್ತಿರ ಜಗಳವೂ ಇಲ್ಲ, ಊಟವೂ ಸರಿಯಿಲ್ಲ. ಚಿಕ್ಕಪ್ಪನೇ ಬಾಯಿಬಿಟ್ಟು, "ಯಾರಾದ್ರೂ ಒಬ್ರು ಬರಾಕಿಲ್ವಾ ಮಗಾ?" ಎಂದು ನನ್ನನ್ನು ಕೇಳಿದರೆಂದರೆ ನೀವೇ ತಿಳಿದುಕೊಳ್ಳಿ.

ಅಂದು ಪುಟ್ಟಮ್ಮಣ್ಣಿ ನನ್ನನ್ನು ಬೀದಿಯಲ್ಲಿ ತಡೆದು ನಿಲ್ಲಿಸಿದರು. "ಮಗಾ, ನಂಗೂ ಒಂದ್ ಇಮಾನ ಕೊಡ್ಸು. ನಾ ಓಯ್ತಿನಿ ಅವ್ಳ ಎದ್ರುಗ."

ಮಾರನೆಯ ದಿನ ಇಬ್ಬರನ್ನೂ ನಮ್ಮೂರಿನ ಇಂಟರ್ನೆಟ್ ಅಂಗಡಿಗೆ ಕರೆದುಕೊಂಡು ಹೋದೆ. ನಡುವೆ ಒಂದು ಹಲಗೆಯ ತಡಿಕೆ. ಅತ್ತ ಒಬ್ಬರು, ಇತ್ತ ಒಬ್ಬರು. ಪುಟ್ಟಮ್ಮಣ್ಣಿ ಮೌಸನ್ನು ಕೋಳಿಮರಿ ಹಿಡಿದ ಹಾಗೆ ಎರಡೂ ಕೈಯಲ್ಲಿ ಹಿಡಿದುಕೊಂಡರು. ಅವರ ನೌಕೆ ಗ್ರಹದ ಕಡೆಗೆ ಬೆನ್ನು ಹಾಕಿ, ಹುಟ್ಟಿದಲ್ಲೇ ನಿಂತಿತ್ತು. "ಎಲ್ಲವ್ಳ ಅವ್ಳು? ಬರಾಕೇಳು!" ಎಂದು ಕೂಗಿದರು.

ಇತ್ತ ಚಿಕ್ಕಮ್ಮ ಬಂದೇ ಬಂದಿದ್ದರು. ಪುಟ್ಟಮ್ಮಣ್ಣಿಯ ನೌಕೆ ಅವರ ಗುರಿಯ ನಟ್ಟನಡುವೆ ಇತ್ತು. ಒಂದು ಬೆರಳು ಒತ್ತಿದರೆ ಮುಗಿಯಿತು. ಚಿಕ್ಕಮ್ಮ ಒತ್ತಲಿಲ್ಲ. ನೌಕೆಯನ್ನು ಮೆಲ್ಲಗೆ ಪಕ್ಕಕ್ಕೆ ತಂದು ನಿಲ್ಲಿಸಿದರು.

"ಒಡೀರಿ ಚಿಕ್ಕಮ್ಮ" ಎಂದೆ.

"ಸುಮ್ಕಿರ್ಲಾ" ಎಂದು ಪಿಸುಗುಟ್ಟಿದರು. "ಅವ್ಳ್ನೂ ಒಡುದ್ಬುಟ್ರ ನಂಗ ಇನ್ಯಾರವ್ರ?"

ಅಷ್ಟರಲ್ಲಿ ಆ ಕಡೆಯಿಂದ ಪುಟ್ಟಮ್ಮಣ್ಣಿ ಸಿಕ್ಕಸಿಕ್ಕ ಗುಂಡಿಯನ್ನೆಲ್ಲ ಒತ್ತಿರಬೇಕು. ಒಂದು ಬೆಂಕಿಯ ಗೆರೆ ಹೊರಟು, ಚಿಕ್ಕಮ್ಮನಿಂದ ಎಷ್ಟೋ ದೂರ, ಯಾರೂ ಇಲ್ಲದ ಕತ್ತಲಿಗೆ ಹೋಗಿ ಕರಗಿತು.

"ಬಿದ್ಯಾ? ಬಿದ್ಯಾ?" ಎಂದರು ತಡಿಕೆಯ ಆಚೆಯಿಂದ.

ಚಿಕ್ಕಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಅಂಗಡಿಯೆಲ್ಲ ತಿರುಗಿ ನೋಡುವ ಹಾಗೆ ಕೂಗಿದರು:

"ಬಿದ್ದೋದಿ ಕಣಮ್ಮೀ! ಎಂಥಾ ಏಟ್ ಒಡುದ್ಬುಟ್ಟೆ!"